ಏಳರ ಗೆರೆ

ಖಲಂದರಣ್ಣ ಬರಲಿಲ್ಲ.
"ಅರ್ಧ ದಿನದ ಕೆಲಸಕ್ಕೆ ಯಾರು ಬರ್ತಾರಕ್ಕ,
ಮಿಷನ್ ಕೊಡ್ತೀನಿ, ನೀವೇ ಕೊಯ್ಕಳ್ರಿ" ಅಂದ.
ಹೊಳಲ್ಕೆರೆ ರಸ್ತೆಯ ಅವನ ಅಂಗಳದಿಂದ
ಆಟೋದ ಹಿಂದಿನ ಸೀಟಲ್ಲಿ
ಗೋಣಿಚೀಲ ಹೊದ್ದು ಬಂತು ಗ್ರೈಂಡರು.

ಕಲ್ಲು ಎರಡು.
ಕಿಟಕಿ ಕಡೆಗೆ ಹೊಸದು, ಮುಖ ಕಾಣುವಷ್ಟು ಕರಿ.
ಒಲೆ ಕಡೆಗೆ ಹಳೆಯದು,
ಸಂತೆಹೊಂಡದ ಹತ್ತಿರ ಹತ್ತೊಂಬತ್ತು ವರ್ಷ
ನಾನು ಬ್ಲೌಸು ಕತ್ತರಿಸಿದ ಕಟ್ಟೆ.
ಅಂಗಡಿ ಬಿಡುವಾಗ ಅಡ್ವಾನ್ಸು ಕೇಳಿದರೆ
ಮಾಲೀಕ ತಲೆ ಕೆರೆದು "ಕಲ್ಲು ತಗಂಡೋಗಮ್ಮ" ಎಂದಿದ್ದ.
ಅದರ ಅಂಚಿಗೆ ಮೊಳೆಯಿಂದ ನಾನೇ ಕೊರೆದ ಗೆರೆಗಳು,
ಒಂದರಿಂದ ಮೂವತ್ತಾರು, ಇಂಚು ಇಂಚಿಗೆ.
ಟೇಪು ಕಳೆದುಹೋದ ದಿನಗಳಲ್ಲಿ
ಎಷ್ಟು ಮದುವೆಗಳ ತೋಳು ಅಲ್ಲೇ ಅಳೆದೆನೋ.

ಮೊದಲು ಮೂಲೆ ನೋಡಿದೆವು.
ಓಬಳೇಶ ಮೂಲೆಮಟ್ಟ ಹಿಡಿದ. ಗೋಡೆ ಒಪ್ಪಲಿಲ್ಲ.
ಇತ್ತ ಮೂರಡಿ, ಅತ್ತ ನಾಲ್ಕಡಿ,
ನಡುವೆ ಐದು ಬರಬೇಕಲ್ಲ?
ಹೆಬ್ಬೆರಳಗಲ ಹೆಚ್ಚು.
"ಯಾವನೋ ಕಣ್ಣಳತೆಯಲ್ಲೇ ಕಟ್ಟಿದ್ದಾನೆ" ಎಂದು ಬೈದ,
ಮುಂದೆ ನಿಂತು ಕಟ್ಟಿಸಿದ್ದು ತನ್ನ ಅಪ್ಪನೇ ಎಂಬುದ ಮರೆತು.

ನನಗೆ ಸೊಟ್ಟ ಹೊಸದಲ್ಲ.
ಯಾವ ಹೆಂಗಸಿನ ಎರಡು ಭುಜವೂ ಒಂದೇ ಸಮ ಇರುವುದಿಲ್ಲ;
ಹೇಳಬಾರದು, ಹೊಲಿದುಬಿಡಬೇಕು.
ಹಳೆ ಪೇಪರು ಹಾಸಿ, ಗೋಡೆಗೆ ಒತ್ತಿ, ಉಗುರಲ್ಲಿ ಗೀರಿ
ಮೂಲೆಯ ಅಳತೆ ತೆಗೆದೆ, ಕಂಕುಳ ಅಳತೆ ತೆಗೆದಂತೆ.
ಕತ್ತರಿಸಿ ಹಿಡಿದರೆ ತಪ್ಪದೆ ಕೂತಿತು.
ಕಲ್ಲಿನದು ಒಂದೇ ತೊಂದರೆ:
ಒಳಗೆ ಮಡಿಕೆ ಬಿಡುವ ಹಾಗಿಲ್ಲ,
ಮುಂದಿನ ವರ್ಷ ಬಿಚ್ಚಿ ಅಗಲ ಮಾಡುವ ಹಾಗಿಲ್ಲ.

ಓರೆಯಾಗಿ ಕೊಯ್ಯೋಣ, ಫೋಟೋ ಕಟ್ಟಿನ ಹಾಗೆ, ಎಂದ.
ಬೇಡ, ಚೂಪು ತುದಿ ಉದುರುತ್ತದೆ,
ಒಂದರ ಮಗ್ಗುಲಿಗೆ ಒಂದು ನೇರ ಬಂದು ಸೇರಲಿ ಎಂದೆ.
ಹಾಗಾದರೆ ಹಳೆಯದರಲ್ಲಿ
ಹಿಂದೆ ಎಂಟು, ಮುಂದೆ ಏಳು ಇಂಚು ಹೋಗಬೇಕು.
ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಸೀಮೆಸುಣ್ಣದ ಗೆರೆ ನಾನೇ ಎಳೆದೆ.

ಅವನು ನೀರು ಬಿಟ್ಟ, ಮಿಷನ್ ಹಿಡಿದವಳು ನಾನು.
ಹೊಲಿಗೆ ಮಿಷನ್ನಿನ ಗುಣವೇ ಇದಕ್ಕೂ,
ಒತ್ತಬಾರದು, ಹೋದಷ್ಟಕ್ಕೆ ಬಿಡಬೇಕು.
ಅಂಗಳದ ತುಂಬ ಬೂದಿ ಬಣ್ಣದ ಕೆಸರು.
ಪಕ್ಕದ ಮನೆ ಗೌರಕ್ಕ ಹಪ್ಪಳದ ಚಾಪೆ ಎತ್ತಿಕೊಂಡು ಓಡಿದಳು.

ಕೂರಿಸಿದರೆ ಇನ್ನೊಂದು ತಕರಾರು, ಹಳೆಯದು ತೆಳು.
"ಎರಡು ನೂಲು ಇರಬೇಕು" ಎಂದ ಫೋನಿನಲ್ಲಿ ಖಲಂದರಣ್ಣ.
ಕಲ್ಲಿನವರೂ ನೂಲಲ್ಲೇ ಅಳೆಯುತ್ತಾರೆಂದು
ಆವತ್ತು ಗೊತ್ತಾಯಿತು ನನಗೆ.
ಅಡಿಗೆ ಒಡೆದ ಟೈಲ್ಸಿನ ಚೂರು ಇಟ್ಟೆವು.
ರಸಮಟ್ಟದ ಗುಳ್ಳೆ ಅತ್ತ ಇತ್ತ ನೋಡಿ
ನಡುವಿಗೆ ಬಂದು ನಿಂತಿತು.

ಕಿಟಕಿಯಿಂದ ಕೋಟೆ ಕಾಣುತ್ತದೆ.
ಅಲ್ಲಿ ಗಾರೆಯಿಲ್ಲದೆ ಕಲ್ಲನ್ನು ಕಲ್ಲು ಕಚ್ಚಿ ನಿಂತಿದೆ.
ಅವರಿಗೆ ಆನೆಗಳಿದ್ದವು.
ನಮಗೆ ನಾಳೆ ಬೆಳಿಗ್ಗೆ ಒಲೆ ಹಚ್ಚಬೇಕು.
ಎರಡು ಡಬ್ಬಿಯ ಅಂಟು, ಒಂದು ಚಿಟಿಕೆ ಕರಿ ಬಣ್ಣ
ಕಡ್ಡಿಯಲ್ಲಿ ಕಲಸಿ ಸಂದಿಗೆ ತುಂಬಿದೆ.
ಉಕ್ಕಿದ್ದನ್ನು ಕೆರೆದದ್ದು ಕಾಜಾ ಬಿಡಿಸುವ ಬ್ಲೇಡು.
ರಾತ್ರಿ ಎರಡು ಸಲ ಎದ್ದು ಉಗುರಾಡಿಸಿದೆ.
ಮೊದಲ ಸಲ ತಡೆಯಿತು.
ಎರಡನೆಯ ಸಲ ಆ ಜಾಗ ಸಿಗಲಿಲ್ಲ.

ಬೆಳಿಗ್ಗೆ ಸುಚೇತ ಅಂಚು ಓದಿದಳು.
"ಅಮ್ಮಾ, ಇದ್ಯಾಕೆ ಎಂಟರಿಂದ ಶುರು?"
ಏಳರ ಗೆರೆ ಅಂಟಿನೊಳಗಿದೆ,
ಅದಕ್ಕೂ ಮೊದಲಿನವು
ಗೇಟು ಬಡಿಯದಂತೆ ಆನಿಸಿಟ್ಟ ತುಂಡಿನಲ್ಲಿವೆ.
"ಅಳೆದು ಏಳು ಕಳೆ, ಅಷ್ಟೇ" ಎಂದೆ.

ಆಮೇಲೆ ಹಿಟ್ಟು ಉದುರಿಸಿ ರೊಟ್ಟಿ ತಟ್ಟಿದೆ,
ಮೂಲೆಯ ತನಕ ಕೈ ಚಾಚಿ.
ಮುಗಿಸಿ ಸವರಿದಾಗ ಎಲ್ಲ ಕಡೆ ಹಿಟ್ಟು ಹೋಯಿತು,
ಒಂದು ಕಡೆ ನಿಂತಿತು.
ಸಂದಿನುದ್ದಕ್ಕೂ ಬಿಳಿ ಗೆರೆ, ನೆಟ್ಟಗೆ,
ಕತ್ತರಿ ಇನ್ನೂ ಮುಟ್ಟದ ಬಟ್ಟೆಯ ಮೇಲೆ
ಎಳೆದಿಟ್ಟ ಹಾಗೆ.