ಸೋಮವಾರ, ಗುರುವಾರ

ಬೈತಖೋಲಕ್ಕೆ ಬೋಟು ಬರುವುದು ಐದಕ್ಕೆ.
ಸೋಮವಾರ, ಗುರುವಾರ ನಾನು ನಾಲ್ಕಕ್ಕೇ ಏಳುತ್ತೇನೆ.
ಫ್ರಿಜ್ಜಿನಲ್ಲಿ, ಹುಣಸೆ ಡಬ್ಬಿಯ ಹಿಂದೆ,
ಎಂಟನೇ ಫ್ಯಾಕ್ಟರಿನ ಸೀಸೆ.
ತೆಗೆದು ಅಂಗೈಯೊಳಗೆ ಮುಚ್ಚಿಕೊಂಡು ಕೂರುತ್ತೇನೆ
ಅದರ ಚಳಿ ಬಿಡುವ ತನಕ.

ಪುಡಿಗೆ ನೀರು ಬಿಟ್ಟು ಹೊರಳಿಸಬೇಕು, ಕುಲುಕಬಾರದು,
ನೊರೆ ಏಳಬಾರದು, ಎಂದಿದ್ದರು ಎವ್ಲಿನ್ ಸಿಸ್ಟರ್.
ಹುಟ್ಟಿದಾಗಿನಿಂದ ನೊರೆಯ ದಡದಲ್ಲೇ ಇದ್ದವಳಿಗೆ
ಅಷ್ಟು ಕಲಿಯಲು ಒಂದು ತಿಂಗಳು ಹಿಡಿಯಿತು.

ಮೇ ತಿಂಗಳ ಗಾಳಿಗೆ ಕರೆಂಟು ಹೋಗಿ ಎರಡು ದಿನ ಬಾರದಾಗ
ಬಂಗಡೆಗೆ ತಂದ ಬರ್ಫದ ಪೆಟ್ಟಿಗೆಯಲ್ಲಿ
ಸೀಸೆಗಳನ್ನು ಟವೆಲ್ಲು ಸುತ್ತಿ ಮಲಗಿಸಿದೆ.
ಬಂಗಡೆ ಕೊಳೆಯಿತು.
'ಆಯಿ, ಇನ್ನು ನನ್ನ ರಕ್ತವೂ ಮೀನು ನಾತ' ಎಂದು
ಉಲ್ಲಾಸ ಹೊಟ್ಟೆ ಹಿಡಿದು ನಕ್ಕ.

ನಗದ ದಿನಗಳಿದ್ದವು.
ಬೆಳಿಗ್ಗೆ ಓಡಿದ ಮಂಡಿ ಮಧ್ಯಾಹ್ನಕ್ಕೆ
ಎಳನೀರಿನ ಬುರುಡೆಯಷ್ಟು.
ಸೊಂಟದ ಮೇಲೆ ಹೊತ್ತು ಆಸ್ಪತ್ರೆಯ ಮೆಟ್ಟಿಲು,
'ಸ್ಟಾಕ್ ಬಂದಿಲ್ಲ' ಎನ್ನುವ ಕಿಟಕಿ.

ನನ್ನ ಅಣ್ಣ ದಾಮುಗೆ ಆ ಕಿಟಕಿಯೂ ಇರಲಿಲ್ಲ.
ಹಲ್ಲು ಕೀಳಿಸಿಕೊಂಡು ಬಂದ. ಮೂರು ದಿನ.
ಅಮ್ಮ ಅರಿಶಿನ ಒತ್ತಿದಳು, ಕಾಪಿಪುಡಿ ಒತ್ತಿದಳು,
ಕೋಳಿಯ ಹರಕೆ ಹೊತ್ತಳು.
ನಾಲ್ಕನೆಯ ದಿನ ತಲೆದಿಂಬಿನ ಚೀಲ
ಕಡಲಲ್ಲಿ ತೊಳೆದವಳು ನಾನು, ಹನ್ನೊಂದು ವರ್ಷದವಳು.
ಉಪ್ಪುನೀರಿಗೂ ಬಿಡಲಿಲ್ಲ.

ಎಷ್ಟೋ ವರ್ಷದ ಮೇಲೆ ಡಾಕ್ಟರು ಹಾಳೆಯಲ್ಲಿ ಗೆರೆ ಎಳೆದರು:
ಅಮ್ಮನಿಂದ ದಾಮುಗೆ, ಅಮ್ಮನಿಂದ ನನಗೆ.
ಪೆನ್ನು ನನ್ನ ಬಳಿ ಬಂದು ನಿಂತಾಗ
ಸುಮ್ಮನೆ ಸೆರಗು ಸರಿಮಾಡಿಕೊಂಡೆ.

ಇವತ್ತು ಗುರುವಾರ.
ಪಟ್ಟಿ ಅವನೇ ಬಿಗಿದುಕೊಂಡಿದ್ದಾನೆ, ಒಂದು ತುದಿ ಹಲ್ಲಲ್ಲಿ ಕಚ್ಚಿ.
'ನೀನು ಮುಟ್ಟಬೇಡ.'
ಮೊದಲ ಸಲ ನರ ಜಾರಿತು.
ನಾನು ಗೋಡೆಯ ಕ್ಯಾಲೆಂಡರ್ ಓದಿದೆ, ಸಂಕಷ್ಟಿ ಯಾವಾಗ ಎಂದು.
ಎರಡನೆಯ ಸಲ
ಕೊಳವೆಯಲ್ಲಿ ಕೆಂಪು ಎದ್ದಿತು, ಗೋಧಿಕಾಳಿನಷ್ಟು.
'ಬಂತು!' ಎಂದ.
ಯಾವುದನ್ನು ಕಂಡರೆ ನನ್ನ ಕಾಲು ಕುಸಿಯುತ್ತಿತ್ತೋ
ಅದನ್ನು ನೋಡಿ ನಾನೂ 'ಬಂತು' ಎಂದೆ.

ನಿಧಾನ ತಳ್ಳಿದ. ಹತ್ತಿ ಒತ್ತಿದ.
ವಹಿಯಲ್ಲಿ ಲೇಬಲ್ ಅಂಟಿಸಿದ, ಸೊಟ್ಟಗೆ.

ಬೋಟು ಬಂದು ಅರ್ಧ ಗಂಟೆಯಾಗಿದೆ,
ದೊಡ್ಡ ಮೀನು ಬೇರೆಯವರ ಬುಟ್ಟಿ ಸೇರಿದೆ.
ಉಳಿದದ್ದನ್ನೇ ಹೊತ್ತು ಕೋಡಿಬಾಗದಲ್ಲಿ ಕೂಗುತ್ತೇನೆ.
ಯಾವಳೋ ಗೇಟಿನಿಂದ ಕೇಳುತ್ತಾಳೆ, 'ತಾಜಾ ಉಂಟಾ?'
ಬುಟ್ಟಿ ಇಳಿಸಿ, ಕಿವಿರು ಎತ್ತಿ
ಕೆಂಪು ತೋರಿಸುತ್ತೇನೆ.