ಸುಣ್ಣದ ಕೆಳಗ

ಹದಿನೇಳು ವರ್ಷ ಗ್ವಾಡಿಗೆ ಸುಣ್ಣ ಹೊಡದೇನಿ
ಸೊಲ್ಲಾಪುರ ಮುನಸಿಪಾಲ್ಟಿ ಪಗಾರದಾಗ.
ಆರ್ಡರ ಮರಾಠಿಯೊಳಗ ಬರತಿತ್ತು,
ಬೈಗಳ ತೆಲುಗಿನ್ಯಾಗ,
ಸುಣ್ಣ ಮಾತ್ರ ಕನ್ನಡದಾಗ ಕುದೀತಿತ್ತು,
ಕೊತಕೊತ ಕೊತಕೊತ, ನಮ್ಮವ್ವನ ಅಂಬಲಿ ಗಡಿಗಿ ಹಂಗ.

ಮುಚ್ಚಿದ ಗಿರಣಿ ಹಿಂದಿನ ಗ್ವಾಡಿ ಭಾಳ ಉದ್ದ.
ಎರಡು ಪಿಕ್ಚರ ಪೋಸ್ಟರ, ಒಬ್ಬ ಪುಢಾರಿ ಹೆಸರು,
ಉಳದದ್ದೆಲ್ಲಾ ಆ ಹುಡಿಗೀದು.
ಶಾಣವ್ವ. ತೋಳನೂರ ಕಡೆಯಿಂದ ಬಂದವರು.
ಅವ್ವ ಬೀಡಿ ಕಟ್ಟತಿದ್ಲು, ದಿನಕ್ಕ ಸಾವಿರ.
ಅಪ್ಪಂದು ಗೊತ್ತಿಲ್ಲ, ನಾ ಕೇಳಿಲ್ಲ.
ಬಾಯ್ಲರ ಬೂದಿಯೊಳಗಿನ ಇದ್ದಲಿ ಆರಿಸಿ
ಬರೀ ಕೈ ಬರೀತಿತ್ತು ಕೂಸು.
ಮಾರಿ ಇಲ್ಲ, ಮೈ ಇಲ್ಲ, ಸೆರಗಿಲ್ಲ,
ಎಲಿ ಕತ್ತರಸೂ ಕೈ, ದಾರ ಸುತ್ತೂ ಕೈ,
ಉಗುರಿನ ಸಂದಿಯೊಳಗ ತಂಬಾಕ ಕೂತ ಕೈ,
ಎಣಿಸಿ ಎಣಿಸಿ ತಪ್ಪಿ
ಮತ್ತ ಒಂದರಿಂದ ಎಣಸೂ ಕೈ.

ಸಾಹೇಬ ಬರತಾನಂದ್ರ ಹಿಂದಿನ ದಿನಾ ನಾ ಹೋಗತಿದ್ದೆ.
ಒಂದು ಬಕೀಟು, ಒಂದು ಏಣಿ, ಚಿಟಿಕಿ ನೀಲಿ.
ಅಕಿ ಎದುರಿನ ಕಟ್ಟಿಮ್ಯಾಲೆ ಕುಂತು
ಶೇಂಗಾ ತಿನಕೋತ ನೋಡತಿದ್ಲು.
ಅಳಲಿಲ್ಲ, ಬೈಲಿಲ್ಲ.
ಒಮ್ಮೆ ಅಂದ್ಲು: “ಕಾಕಾ, ಮ್ಯಾಲಿನ ಮೂಲಿ ಬಿಟ್ಟಿರಿ ನೋಡ್ರಿ.”
ನಾ ನೋಡಲಿಲ್ಲ. ಅದನ್ನೂ ಹೊಡದೆ.
ಗ್ವಾಡಿ ಒಣಗೂದ ತಡ,
ಮರುದಿನ ಮತ್ತ ಕೈ.
ಖರೆ ಹೇಳಬೇಕಂದ್ರ, ಅಕಿಗೆ ಬಿಳೇ ಹಾಳಿ ನಾನ ಕೊಟ್ಟಂಗಾತು,
ಪುಗಸಟ್ಟೆ.

ಆಮ್ಯಾಲೆ ಏನಾತು ನನಗ ಪೂರಾ ತಿಳೀದು.
ಯಾವನೋ ಪುಣೆದಾಂವ ಫೋಟೋ ಹೊಡಕೊಂಡು ಹ್ವಾದ,
ಯಾರೋ ಕ್ಯಾನ್ವಾಸ ಕಳಿಸಿದ್ರು.
ಅಕಿ ಮೊದಲ ಅದಕ್ಕ ಸುಣ್ಣಾ ಬಳದಳಂತ!
ಬಟ್ಟಿಮ್ಯಾಲೆ ಇದ್ದಲಿ ನಿಲ್ಲವಲ್ದು ಅಂತ.
ಮುಂಬೈದಾಗ ಗ್ಯಾಲರಿ ತೆರದಾಗ ನನಗೂ ಚೀಟಿ ಬಂತು.
ಹೋದೆ. ರಾತ್ರಿ ಗಾಡಿ, ಜನರಲ್ ಡಬ್ಬಿ.
ತಂಪು ಹವಾ, ಗಾಜಿನ ಬಾಗಲಾ,
ಗ್ವಾಡಿ ಎಂಥಾ ಬಿಳುಪಂತೀರಿ!
ಒಂದು ಹನಿ ಇಳದಿಲ್ಲ, ಒಂದು ಗೆರಿ ಮೂಡಿಲ್ಲ,
ನನಗಿಂತ ಚಲೋ ಕೆಲಸಗಾರ ಯಾವನೋ.
ಕೈಗಳ ಮುಂದ ಮಂದಿ ಕೈ ಕಟಗೊಂಡು ನಿಂತಿದ್ರು.
ಕೆಂಪು ಚಿಕ್ಕಿ ಹಚ್ಚಿದ್ದು ಮಾರಿ ಹೋಗೇತಿ ಅಂದ್ರು.
ಕಿಮ್ಮತ್ತ ಕೇಳಿ ನಾ ನೀರ ಕುಡದೆ.

ಶಾಣವ್ವ ಹೋಗಿ ಆರು ವರ್ಷಾತು.
ಕೆಮ್ಮು, ಅವ್ವನ ಕಡೆಯಿಂದ ಬಂದದ್ದು.
ಈಗ ಊರ ತುಂಬ ಅಕಿ ಕೈ.
ರಿಕ್ಷಾದ ಹಿಂದ, ಸಾಲಿ ಕಂಪೌಂಡಿಗೆ,
ಚಾದರದ ಅಂಚಿಗೆ ನವಿಲ ತಗದು ಕೈ ನೇಯತಾರ,
ಬೀಡಿಯವರ ಮೋರ್ಚಾ ಹೊಂಟ್ರ ಝೇಂಡಾದಮ್ಯಾಲೂ ಅದ.
ನನ್ನ ಮೊಮ್ಮಗಳು ಮದರಂಗಿ ಹಚ್ಚಾಕಿಗೆ ಹೇಳತಾಳ:
“ಶಾಣವ್ವನ ಡಿಸೈನ ಹಾಕ್ರಿ, ಉಗುರಾಗ ತಂಬಾಕ ಇರೂದು.”

ಹ್ವಾದ ತಿಂಗಳ ಕಾಲೇಜಿನವರು ಬಂದ್ರು,
ಸಣ್ಣ ಚಾಕು, ಹತ್ತಿ, ಭೂತಗನ್ನಡಿ.
“ಮಲಕಾರಿ ಅಜ್ಜಾ, ಎಲ್ಲೆಲ್ಲಿ ಅಳಿಸೀರಿ ತೋರಸ್ರಿ.”
ಅಳಿಸಿಲ್ಲೋ ತಮ್ಮಾ, ಹೊಚ್ಚೇನಿ, ಅಂದೆ.
ಪದರ ಪದರ ಬಿಚ್ಚಿದ್ರು, ನಾ ಹೇಳಕೋತ ಕುಂತೆ:
ನೀಲಿ ಹೆಚ್ಚಾದದ್ದು ಮಂತ್ರಿ ಬಂದ ವರ್ಷ,
ಗೋಂದ ಹಾಕಿದ್ದು ಹೆಂಡ್ತಿ ಸತ್ತ ಮಳಿಗಾಲ,
ಈ ತೆಳ್ಳಂದು... ಆವತ್ತ ನಾ ಕುಡದಿದ್ದೆ.
ಐದನೇ ಪದರಿನ ಕೆಳಗ, ಮ್ಯಾಲಿನ ಮೂಲಿಯೊಳಗ
ಒಂದು ಕೈ ಎದ್ದಿತು, ಕುಂಚ ಹಿಡದದ್ದು.
ನಡುಬೆರಳಿಗೆ ತುದಿ ಇಲ್ಲ.

ನಾ ಬಲಗೈ ಕಿಸೇದಾಗ ಇಟಗೊಂಡೆ.
“ಇದು ಯಾರದಿರಬೇಕು?” ಅಂದ್ಲು ಒಬ್ಬಾಕಿ,
ಬರಕೊಳ್ಳಾಕ ಪೆನ್ನು ಹಿಡದು.
ಬಿಸಲ ಬಿದ್ದಿತ್ತು ಅದರಮ್ಯಾಲೆ, ಎಷ್ಟೋ ವರ್ಷಕ್ಕ.
“ಸಂಜೀಕ ಮಳಿ ಬರೂಹಂಗ ಐತಿ,” ಅಂದೆ,
“ಏನರ ಹೊಚ್ಚರೆವಾ.”