ಅಡಚಣೆಗಾಗಿ ಕ್ಷಮಿಸಿ

ಮಂಗಳವಾರದ ಬಿಂಗೊ ಓದುವವನು ನಾನೇ.
ದ್ವೀಪದ ಶಾಲೆಯ ಹಿಂದಿನ ಕೋಣೆ, ಒಂದು ಮೈಕು,
ತೊಂಬತ್ತು ಮರದ ಗುಂಡು, ಕೈ ಹಾಕಲು ಒಂದು ಚೀಲ.
ಓಸ್ಲೋದ ದೊಡ್ಡ ನಿಲಯಗಳೆಲ್ಲ ಎಫ್‌ಎಂ ತೊರೆದು
ಡಿಜಿಟಲ್ಲಿಗೆ ಗುಳೆ ಹೋದ ಮೇಲೆ
ತೊಂಬತ್ತೆಂಟು ಪಾಯಿಂಟ್ ಮೂರರಲ್ಲಿ ಉಳಿದದ್ದು
ನಾನು, ಪಾದ್ರಿಯ ಭಾನುವಾರ, ಮತ್ತು ಹವಾಮಾನ.

ಸೂಲ್‌ಫ್ರಿದ್‌ಗೆ ನಾನೇ ಅಡ್ಡಗೋಡೆ.
ಮೀನು ಒಣಹಾಕುವ ಅಟ್ಟಣಿಗೆಯ ಮೇಲೆ
ಐದು ಹಲ್ಲಿನ ಆಂಟೆನಾ ನೆಟ್ಟು
ಹಳೇ ದೋಣಿಯ ಚುಕ್ಕಾಣಿಯಿಂದ ಅದನ್ನು ತಿರುಗಿಸುತ್ತ
ಮೂವತ್ತೊಂದು ಬೇಸಿಗೆ ಕೂತವಳು.
ಹಿಂದೆ ಗ್ರಂಥಾಲಯದ ದೋಣಿ ನಡೆಸುತ್ತಿದ್ದಳು.
ಈಗ ಊರುಗಳೇ ಅವಳಲ್ಲಿಗೆ ಬರಬೇಕು:
ವೆರೋನಾ, ಟಿಮಿಶ್ವಾರಾ,
ಒಮ್ಮೆ ಒಂದೂವರೆ ನಿಮಿಷ ಸರಾಯೆವೊ.
ದಿನಾಂಕ, ಗಂಟೆ, ಆವರ್ತನ, ಎಷ್ಟು ಹೊತ್ತು ನಿಂತಿತು.
ಹತ್ತಿರದ್ದನ್ನೂ ಬಿಡುವವಳಲ್ಲ.
ಕೊಲ್ಲಿಯಾಚೆ ಮಕ್ಕಳು ನಡೆಸುವ ಅರ್ಧ ವ್ಯಾಟಿನ ನಿಲಯ,
ನಡುವೆ ಹಡಗು ಬಂದರೆ ಮಾಯ,
ಅದಕ್ಕೂ ಒಂದು ಸಾಲು.

"ಜೂನ್ ಬಂದರೆ," ಎನ್ನುವಳು, ನನ್ನ ಕಾಫಿ ಕುಡಿಯುತ್ತ,
"ನೂರು ಕಿಲೋಮೀಟರ್ ಮೇಲೆ ತೆಳು ತಗಡು ಹಾಸಿದ ಹಾಗೆ.
ಯಾರು ಹಾಸುತ್ತಾರೋ, ಯಾವಾಗ ಸುತ್ತಿಟ್ಟು ಹೋಗುತ್ತಾರೋ.
ಅದಕ್ಕೆ ತಾಗಿ ದಕ್ಷಿಣ ಇಲ್ಲಿ ಬಂದು ಬೀಳುತ್ತದೆ.
ನಿನ್ನ ಅಡಿಯಲ್ಲಿ ಯಾರೋ ಇದ್ದಾರೆ, ಆಸ್‌ಗೇರ್.
ರಾತ್ರಿ ನೀನು ಸ್ವಿಚ್ ಆರಿಸಿದ ಮೇಲೆ
ಒಂದೆರಡು ಮಾತು. ಅಷ್ಟರಲ್ಲಿ ಇಲ್ಲ.
ಹತ್ತು ನಿಮಿಷ ಬಾಯಿ ಮುಚ್ಚು, ಸಾಕು."

ಹನ್ನೊಂದು ವರ್ಷ ಕೇಳಿದಳು, ಹನ್ನೊಂದು ವರ್ಷ ನಕ್ಕೆ.
ಆ ಮಂಗಳವಾರ,
ಫೋನಿನಲ್ಲಿ ಅವಳ ದನಿ ನಡುಗಿತೆಂದೋ,
ಮೂರನೇ ಆಟ ಸಪ್ಪೆಯಾಗಿತ್ತೆಂದೋ,
"ತಾಂತ್ರಿಕ ತೊಂದರೆ, ಅಡಚಣೆಗಾಗಿ ಕ್ಷಮಿಸಿ" ಎಂದು
ಸ್ವಿಚ್ ಒತ್ತಿಯೇಬಿಟ್ಟೆ.

ಇಬ್ಬರೂ ಮರೆತದ್ದು ಇಷ್ಟು:
ಅದೇ ಅಂಕಿಯ ಮೇಲೆ ಮುಳ್ಳು ನಿಲ್ಲಿಸಿಕೊಂಡು
ಅಡುಗೆಮನೆಗಳಲ್ಲಿ, ದೋಣಿಮನೆಗಳಲ್ಲಿ,
ವೃದ್ಧಾಶ್ರಮದ ಕಿಟಕಿಯ ಪಕ್ಕದ ಮಂಚದಲ್ಲಿ
ಇಪ್ಪತ್ತಾರು ರೇಡಿಯೊ ಕಾಯುತ್ತಿದ್ದವು,
ಪೆನ್ಸಿಲ್ ಎತ್ತಿಕೊಂಡ ಇಪ್ಪತ್ತಾರು ಕೈ.

ಮೊದಲು ಬಾಣಲೆಗೆ ಮೀನು ಬಿದ್ದ ಸದ್ದು.
ಆಮೇಲೆ ಒಬ್ಬ ಹೆಂಗಸು,
ಪಕ್ಕದ ಕೋಣೆಯಲ್ಲಿದ್ದಷ್ಟು ಹತ್ತಿರ,
ಅವಸರವಿಲ್ಲದೆ ಏನನ್ನೋ ಓದುತ್ತಿದ್ದಳು.
ಭಾಷೆ ತಿಳಿಯಲಿಲ್ಲ. ಧಾಟಿ ತಿಳಿಯಿತು.
ಅದು ಅಂಕಿ ಓದುವವರ ಧಾಟಿ.
ಒಂದು ಹೇಳಿ, ಬರೆದುಕೊಳ್ಳಲಿ ಎಂದು
ಒಂದು ಉಸಿರಿನಷ್ಟು ಜಾಗ ಬಿಡುವುದು,
ಇಪ್ಪತ್ತು ವರ್ಷ ನಾನು ಬಿಟ್ಟ ಹಾಗೆಯೇ.

ಪಾದ್ರಿಯ ಹೆಂಡತಿ, ರಷ್ಯಾ ಬಂತೆಂದು
ಬಾಗಿಲಿಗೆ ಅಗುಳಿ ಹಾಕಿದಳಂತೆ.
ಮುದುಕ ತೂರ್‌ಲೈಫ್ ಅಂದಾಜಿನ ಮೇಲೆ
ಐದು ಮನೆ ಗೀಚಿದನಂತೆ.
ಏಳನೇ ನಿಮಿಷಕ್ಕೆ ದನಿ ಸವೆದು ಸವೆದು
ಬರೀ ಸುಯ್ ಎಂಬುದು ಉಳಿಯಿತು.
ಸ್ವಿಚ್ ಒತ್ತಿದೆ. ಅರವತ್ತೆರಡು, ಎಂದೆ.

ಮರುದಿನ ಶಾಲೆಯ ಬಾಗಿಲಲ್ಲಿ ಪಿರೋಷ್ಕಾ,
ಸಾಲ್ಮನ್ ಕಾರ್ಖಾನೆಯವಳು,
ರಬ್ಬರ್ ಬೂಟು, ತಲೆಯ ಮೇಲೆ ಇನ್ನೂ ಬಲೆಟೊಪ್ಪಿ.
ನಮ್ಮ ಅಂಕಿ ಕಲಿಯಲು ಬಿಂಗೊ ಆಡುತ್ತಾಳೆಂದು
ನನಗೇನು ಗೊತ್ತು.
"ನಿನ್ನೆ ನೀವು," ಎಂದಳು. ಪದ ಹುಡುಕಿದಳು.
"ನಿನ್ನೆ ನೀವು ನನ್ನ ನದಿ ಓದಿದಿರಿ."

ಡಾನ್ಯೂಬಿನ ನೀರಿನ ಮಟ್ಟ, ಊರೂರಿಗೊಂದು ಅಂಕಿ.
ಅವಳೂರಿಗೆ ಮುನ್ನೂರ ನಲವತ್ತೆರಡು, ಏರುತ್ತಿದೆ.
ಬಿಂಗೊ ಚೀಟಿಯ ಅಂಚಿನಲ್ಲಿ ಬರೆದುಕೊಂಡಿದ್ದಳು.
ಅಷ್ಟು ನೀರೆಂದರೆ ಕಟ್ಟೆಯ ಎರಡನೇ ಮೆಟ್ಟಿಲು ಮುಳುಗಿದೆ,
ಅಪ್ಪ ದೋಣಿಯ ಹಗ್ಗ ಸಡಿಲಿಸಿರಬೇಕು,
ಎಂದು ಕೈಯಲ್ಲೇ ಹಗ್ಗ ಸಡಿಲಿಸಿ ತೋರಿಸಿದಳು.

ಸೂಲ್‌ಫ್ರಿದ್ ಬಂದಳು. ನೋಟ್‌ಬುಕ್ ಬಿಚ್ಚಿದಳು.
"ಭಾಷೆ: ತಿಳಿಯದು" ಎಂಬುದನ್ನು ಹೊಡೆದುಹಾಕದೆ
ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಳು:
ಪಿರೋಷ್ಕಾಗೆ ತಿಳಿಯುತ್ತದೆ.

ಇನ್ನು ಈ ತೂರ್‌ಲೈಫ್.
ಅವನದು ಅಡ್ಡಸಾಲು ಪೂರ್ತಿಯಾಗಿತ್ತಂತೆ.
ರೇಡಿಯೊದಲ್ಲಿ ಓದಿದ್ದು ಓದಿದ್ದೇ, ಎಂದು
ಇವತ್ತಿಗೂ ಜಗಳಕ್ಕೆ ಬರುತ್ತಾನೆ.
ಒಂದು ಕಿಲೋ ಕಾಫಿಪುಡಿ.
ಕೊಡಬೇಕೇನೋ.